ಕೊಡಗಿನಲ್ಲಿ ಒಂದೇ ದಿನ ಸಿಕ್ಕರೆ ಯಾವ ಘಾಟಿ ಇಳಿಯೋದು?

ಮಳೆ ಬಿಟ್ಟು ದಸರಾ ಹತ್ತಿರ ಬಂತು ಅಂದರೆ ನನಗೆ ಫೋನ್ ಬರಲು ಶುರು. ಹೋದ ವರ್ಷ ಮೊದಲು ಮಾಡಿದ್ದು ಮೈಸೂರಿನ ಭಾವ. "ಶನಿವಾರ ಮಡಿಕೇರಿಗೆ ಬರ್ತೀವಿ, ಭಾನುವಾರ ಪೂರ್ತಿ ಖಾಲಿ. ಟಿಕೆಟ್ ತಗೊಂಡು ಕ್ಯೂ ನಿಂತು ನೋಡೋದು ಸಾಕಾಗಿದೆ. ಸುಮ್ನೆ ಕಾರಲ್ಲಿ ಕೂತು ಬೆಟ್ಟ, ಹೊಳೆ, ಕಮರಿ ನೋಡ್ಕೊಂಡು ಹೋಗ್ಬೇಕು. ಯಾವ ರೋಡು ಹೇಳು." ಅದರ ಹಿಂದಿನ ಸಲ ಬಂದಾಗ ಅವರ ಅರ್ಧ ಭಾನುವಾರ ಅಬ್ಬಿ ಜಲಪಾತದ ಪಾರ್ಕಿಂಗ್‌ನಲ್ಲೇ ಮುಗಿದಿತ್ತು, ಇನ್ನರ್ಧ ದುಬಾರೆಯ ದೋಣಿ ಸಾಲಿನಲ್ಲಿ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಭಾವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಇರುವುದು ಮಡಿಕೇರಿಯಲ್ಲಿ, ಆದ್ದರಿಂದ ಎಲ್ಲ ಲೆಕ್ಕವೂ ಇಲ್ಲಿಂದಲೇ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕೊಡಗಿನ ನೀರು ಎರಡು ಕಡೆ ಹರಿಯುತ್ತದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಇವೆಲ್ಲ ಪೂರ್ವಕ್ಕೆ. ಪಯಸ್ವಿನಿ, ಬರಪೊಳೆ, ಕುಮಾರಧಾರಾ ಪಶ್ಚಿಮಕ್ಕೆ. ಲಕ್ಷ್ಮಣತೀರ್ಥವೂ ಬರಪೊಳೆಯೂ ಹುಟ್ಟುವುದು ಅದೇ ಬ್ರಹ್ಮಗಿರಿ ಸಾಲಿನಲ್ಲಿ, ಆದರೆ ಒಂದು ಕೆಆರ್‌ಎಸ್ ಕಡೆ ಹೋಗಿ ಕಾವೇರಿ ಸೇರುತ್ತದೆ, ಇನ್ನೊಂದು ಕಣ್ಣೂರಿನ ಕಡೆ ಇಳಿದು ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ. ಪೂರ್ವಕ್ಕೆ ಹೋಗುವ ನೀರಿಗೆ ಅವಸರ ಇಲ್ಲ. ಗದ್ದೆ ಬಯಲಲ್ಲಿ, ಕಾಫಿ ತೋಟದ ಪಕ್ಕದಲ್ಲಿ ಸುತ್ತಿ ಸುತ್ತಿ ಹೋಗುತ್ತದೆ. ಪಶ್ಚಿಮಕ್ಕೆ ಹೋಗುವ ನೀರು ಹಾಗಲ್ಲ, ಮಡಿಕೇರಿ ಎತ್ತರದಿಂದ ಸಂಪಾಜೆ ತಗ್ಗಿಗೆ ಹೆಚ್ಚು ಕಡಿಮೆ ಸಾವಿರ ಮೀಟರ್ ಇಳಿಯಬೇಕು, ಅದೂ 25-30 ಕಿಲೋಮೀಟರ್ ಒಳಗೆ. ಹಾಗಾಗಿ ಕಮರಿ ಬೇಕು ಅನ್ನುವವರು ಪಶ್ಚಿಮಕ್ಕೆ ಹೋಗಿ, ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂರಬೇಕು ಅನ್ನುವವರು ಪೂರ್ವಕ್ಕೆ ಹೋಗಿ. ಎರಡನ್ನೂ ಒಂದೇ ದಿನ ಬೆರೆಸಲು ಹೋದರೆ ಕಾರಿನ ಕಿಟಕಿ ಬಿಟ್ಟು ಇನ್ನೇನೂ ನೋಡಿದ ಹಾಗಾಗಲ್ಲ.

ನಾನು ರಸ್ತೆ ಅಳೆಯುವುದು ಇನ್ನೊಂದು ಲೆಕ್ಕದಲ್ಲಿ. ಕಾರು ಓಡಿಸುವವನಿಗೂ ಏನಾದರೂ ನೋಡಲು ಸಿಗುತ್ತದಾ? ಹಿಂದೆ ಕೂತವರು "ಅಯ್ಯೋ ಅಲ್ಲಿ ನೋಡಿ, ಅಲ್ಲಿ ನೋಡಿ" ಅನ್ನುತ್ತಾರೆ, ಸ್ಟಿಯರಿಂಗ್ ಹಿಡಿದವನಿಗೆ ಕಾಣುವುದು ಎದುರಿನ ಲಾರಿಯ ಮೂತಿ ಮಾತ್ರ. ಹಾಗಾಗಿ ಗಾಡಿ ಪಕ್ಕಕ್ಕೆ ಹಾಕಿ ಐದು ನಿಮಿಷ ನಿಲ್ಲಲು ಜಾಗ ಇದೆಯಾ ಅನ್ನುವುದು ನನಗೆ ದೃಶ್ಯದಷ್ಟೇ ಮುಖ್ಯ.

ಸಂಪಾಜೆ ಘಾಟಿ

ಎಲ್ಲರಿಗೂ ಗೊತ್ತಿರುವ ರಸ್ತೆ. ರಾಷ್ಟ್ರೀಯ ಹೆದ್ದಾರಿ 275, ಮಡಿಕೇರಿಯಿಂದ ತಾಳತ್ತಮನೆ, ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ. ರಸ್ತೆ ಅಗಲ, ಟಾರು ಚೆನ್ನಾಗಿದೆ, ಹೊಸದಾಗಿ ಕಾರು ಕಲಿತವರೂ ಧೈರ್ಯವಾಗಿ ಹೋಗಬಹುದು. ಕೆಳಗಡೆ ಪಯಸ್ವಿನಿ ಜೊತೆಗೇ ಬರುತ್ತದೆ. ಕೊಯನಾಡು ಹತ್ತಿರ ಬಂದಾಗ ಹೊಳೆ ರಸ್ತೆಗೆ ಹತ್ತಿರವಾಗುತ್ತದೆ, ಬಂಡೆಗಳ ನಡುವೆ ನೀರು ಹಸಿರಾಗಿ ಕಾಣುತ್ತದೆ. ಇದೇ ಹೊಳೆ ಸುಳ್ಯ ದಾಟಿ ಕಾಸರಗೋಡು ಮುಟ್ಟುವ ಹೊತ್ತಿಗೆ ಚಂದ್ರಗಿರಿ.

ಕೊರತೆ ಏನಪ್ಪಾ ಅಂದರೆ ಲಾರಿ ಮತ್ತು ಬಸ್ಸು. ಮಂಗಳೂರಿನ ಸರಕೆಲ್ಲ ಇದೇ ದಾರಿಯಲ್ಲಿ ಮೈಸೂರಿಗೆ ಹತ್ತುತ್ತದೆ. ಭಾನುವಾರ ಸಂಜೆ ಇದರ ಜೊತೆಗೆ ಸುಬ್ರಹ್ಮಣ್ಯ, ಧರ್ಮಸ್ಥಳಕ್ಕೆ ಹೋದವರೆಲ್ಲ ವಾಪಸ್ ಬರುತ್ತಿರುತ್ತಾರೆ. ಘಾಟಿಯ ದೃಶ್ಯ ನೋಡುವ ಮನಸ್ಸೇ ಹೋಗುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಇಲ್ಲೇ. ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಹೆಸರು ಆಗ ಎಲ್ಲ ಪೇಪರಿನಲ್ಲೂ ಬಂದಿತ್ತು. ಇವತ್ತಿಗೂ ಜೋಡುಪಾಲದ ಹತ್ತಿರ ತಲೆ ಎತ್ತಿ ನೋಡಿದರೆ ಗುಡ್ಡದ ಮೈಯಲ್ಲಿ ಗಾಯದ ಹಾಗೆ ಬೇರೆ ಬಣ್ಣದ ಪಟ್ಟಿ ಕಾಣುತ್ತದೆ. ಮೇಲೆ ಹಸಿರು ಹಬ್ಬಿದೆ, ಆದರೆ ಅದು ಹಳೇ ಕಾಡಿನ ಹಸಿರಲ್ಲ. ಅಲ್ಲಿ ಸೆಲ್ಫಿಗೆ ನಿಲ್ಲುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಇರಲಿ.

ಒಂದು ಮಾತು ನನ್ನ ಅನುಭವದ್ದು. ಕಾರು ತಗೊಂಡ ಹೊಸದರಲ್ಲಿ ಈ ಘಾಟಿಯನ್ನು ನಾಲ್ಕನೇ ಗೇರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಕೊಯನಾಡು ಬರುವ ಹೊತ್ತಿಗೆ ರಬ್ಬರ್ ಸುಟ್ಟ ವಾಸನೆ. ಪೆಡಲ್ ಒತ್ತಿದರೆ ಒದ್ದೆ ಸ್ಪಂಜ್ ಒತ್ತಿದ ಹಾಗೆ ಒಳಗೆ ಹೋಗುತ್ತಿತ್ತು. ಹೇಗೋ ಒಂದು ಗೂಡಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯ ಅಜ್ಜ ಚಕ್ರದಿಂದ ಬರುತ್ತಿದ್ದ ಹೊಗೆ ನೋಡಿ ನಕ್ಕು, ನೀರು ಹಾಕಲು ಹೊರಟ ನನ್ನ ಕೈ ಹಿಡಿದು ನಿಲ್ಲಿಸಿ, ಅರೆಭಾಷೆಯಲ್ಲಿ ಹೇಳಿದ್ದು ಇಷ್ಟು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಈಗ ಚಾ ಕುಡಿ. ಎರಡು ಚಾ, ಒಂದು ಗೋಳಿಬಜೆ, ಮುಕ್ಕಾಲು ಗಂಟೆ. ಆಮೇಲೆ ಬ್ರೇಕ್ ಸರಿಯಾಯಿತು. ಎರಡನೇ ಅಥವಾ ಮೂರನೇ ಗೇರ್, ಅಷ್ಟೇ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುತ್ತೇನೆ ಅನ್ನುವ ಜಾಣರು ಬೇರೆ ಯಾವುದಾದರೂ ಊರಿಗೆ ಹೋಗಿ.

ಮಾಕುಟ್ಟ

ನನ್ನನ್ನು ಕೇಳಿದರೆ ಕಮರಿ ನೋಡಲು ಇದೇ ಮೊದಲು. ಮಡಿಕೇರಿಯಿಂದ ಮೂರ್ನಾಡು, ಬೇತ್ರಿ ಮೇಲೆ ವಿರಾಜಪೇಟೆ, ಸುಮಾರು 30 ಕಿ.ಮೀ. ಬೇತ್ರಿಯಲ್ಲಿ ಕಾವೇರಿ ಸೇತುವೆ ದಾಟುತ್ತೀರಿ, ಅಲ್ಲಿ ನೀರು ಎಷ್ಟು ನಿಧಾನ ಅಂತ ಒಂದು ಸಲ ನೋಡಿಕೊಳ್ಳಿ, ಮುಂದೆ ಹೋಲಿಸಲು ಬೇಕಾಗುತ್ತದೆ. ವಿರಾಜಪೇಟೆಯಲ್ಲಿ ಪೆಟ್ರೋಲ್ ಹಾಕಿಸಿ, ತಿಂಡಿ ಮುಗಿಸಿ. ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿದ ಮೇಲೆ ಕೂಟುಪೊಳೆ ಸೇತುವೆವರೆಗೆ 20 ಕಿಲೋಮೀಟರ್ ಆಸುಪಾಸು ಬರೀ ಕಾಡು. ತೋಟ ಇಲ್ಲ, ಹೋಂಸ್ಟೇ ಬೋರ್ಡ್ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಬ್ರಹ್ಮಗಿರಿ ವನ್ಯಧಾಮದ ಕಾಡು ಇದು. ಮರ ಎಷ್ಟು ಎತ್ತರ ಅಂದರೆ ಮಧ್ಯಾಹ್ನ ಹನ್ನೆರಡಕ್ಕೂ ರಸ್ತೆ ಮೇಲೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಬೈನೆ, ಬೆತ್ತ, ಓಟೆ ಬಿದಿರು ರಸ್ತೆ ಅಂಚಿಗೇ ಬಂದು ನಿಂತಿರುತ್ತವೆ. ಅದೃಷ್ಟ ಇದ್ದರೆ ಕೆಂಜಳಿಲು, ಇನ್ನೂ ಜಾಸ್ತಿ ಅದೃಷ್ಟ ಇದ್ದರೆ ಸಿಂಗಳೀಕ.

ಇಲ್ಲಿ ಕಮರಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕಾರಿನ ಗಾಜು ಇಳಿಸಿ, ಹಾಡು ನಿಲ್ಲಿಸಿ. ತಿರುವಿಗೊಂದು ತೊರೆ ಮೇಲಿನಿಂದ ಬಂದು ಮೋರಿ ಕೆಳಗೆ ನುಗ್ಗಿ ಆ ಕಡೆ ಬೀಳುತ್ತದೆ. ಮೋರಿಯ ಕಟ್ಟೆ ಮೇಲೆ ಒಂದು ಬೆರಳು ದಪ್ಪ ಪಾಚಿ, ಮುಟ್ಟಿದರೆ ಕಂಬಳಿಯ ಹಾಗೆ ತಣ್ಣಗೆ. ಅಲ್ಲಿ ನಿಂತು ಕೆಳಗೆ ನೋಡಿದರೆ ನೀರು ಕಾಣಲ್ಲ, ಮರದ ತುದಿಗಳು ಮಾತ್ರ ಕಾಣುತ್ತವೆ. ಆ ಮರಗಳ ಬುಡದಿಂದ ಸದ್ದು ಬರುತ್ತಿರುತ್ತದೆ. ಕೆಳಗೆ ಇಳಿಯುತ್ತಾ ಹೋದ ಹಾಗೆ ಸದ್ದು ಹತ್ತಿರವಾಗಿ, ಮಾಕುಟ್ಟ ಬರುವಾಗ ಹೊಳೆ ಪಕ್ಕದಲ್ಲೇ ಇರುತ್ತದೆ. ಕೂಟುಪೊಳೆ ಅಂದರೇನೇ ಹೊಳೆ ಕೂಡುವ ಜಾಗ. ಮಾಕುಟ್ಟದ ನೀರು ಬರಪೊಳೆಗೆ ಸೇರುವುದು ಅಲ್ಲಿ. ಮಳೆಗಾಲದಲ್ಲಿ ದಕ್ಷಿಣ ಕೊಡಗಿನಲ್ಲಿ ರಾಫ್ಟಿಂಗ್ ಮಾಡುತ್ತಾರಲ್ವಾ, ಅದು ಇದೇ ಬರಪೊಳೆಯ ಮೇಲಿನ ಭಾಗದಲ್ಲಿ.

ಸೇತುವೆ ದಾಟಿದರೆ ಕೇರಳ. ಇರಿಟ್ಟಿಯಲ್ಲಿ ಪುಟ್ಟು ಕಡಲೆ ಅಥವಾ ಪರೋಟ ತಿಂದು ಅದೇ ದಾರಿಯಲ್ಲಿ ವಾಪಸ್. ಅದೇ ದಾರಿಯಾ ಅಂತ ಮೂಗು ಮುರಿಯಬೇಡಿ. ಇಳಿಯುವಾಗ ಕಾಣದ್ದು ಹತ್ತುವಾಗ ಕಾಣುತ್ತದೆ, ಬೇಕಾದರೆ ಬರುವಾಗ ಸ್ಟಿಯರಿಂಗ್ ಬೇರೆಯವರಿಗೆ ಕೊಡಿ.

ಕಷ್ಟಗಳೂ ಇವೆ. ಕಣ್ಣೂರಿನ ಬಸ್ಸುಗಳು ಇಲ್ಲಿ ಓಡುವುದು ನೋಡಿದರೆ ಡ್ರೈವರ್‌ಗೆ ಮನೆಯಲ್ಲಿ ಏನೋ ತುರ್ತು ಇದೆ ಅನಿಸಬೇಕು. ಹಾರ್ನ್ ಕೇಳಿದ ತಕ್ಷಣ ಎಡಕ್ಕೆ ಸರಿಯಿರಿ. ಆನೆ ಇದೆ. ಮಳೆ ಮುಗಿದ ಹೊಸತರಲ್ಲಿ ಗುಂಡಿಗಳಿರುತ್ತವೆ. 2018ರ ಜೂನ್‌ನಲ್ಲಿ ಇಲ್ಲೂ ಗುಡ್ಡ ಜಾರಿ ರಸ್ತೆ ಬಂದ್ ಆಗಿತ್ತು, ಆಮೇಲೂ ಜೋರು ಮಳೆಯಲ್ಲಿ ದೊಡ್ಡ ಗಾಡಿಗಳನ್ನು ನಿಲ್ಲಿಸುತ್ತಾರೆ. ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆಗೆಸಿ ನೋಡಬಹುದು, ಬಾಟಲಿ ಗೀಟಲಿ ಮನೆಯಲ್ಲೇ ಬಿಡಿ. ಹಳದಿ ಬೋರ್ಡ್ ಟ್ಯಾಕ್ಸಿ ಆದರೆ ಕೇರಳದ ಪರ್ಮಿಟ್ ಇದೆಯಾ ಅಂತ ಹೊರಡುವ ಮೊದಲೇ ಕೇಳಿ. ಇನ್ನೊಂದು, ಕಾಡಿನ ಒಳಗೆ ಊಟದ ಪೊಟ್ಟಣ ಬಿಚ್ಚಬೇಡಿ. ಮಂಗಗಳು ನಿಮ್ಮ ಪೊಟ್ಟಣಕ್ಕೆ ಕಾಯುತ್ತಾ ರಸ್ತೆಯಲ್ಲೇ ಕೂರುವ ಅಭ್ಯಾಸ ಮಾಡಿಕೊಂಡಿವೆ, ಆಮೇಲೆ ಗಾಡಿಗೆ ಸಿಕ್ಕಿ ಸಾಯುತ್ತವೆ.

ಕರಿಕೆ

ಚೆಂದ ಅಂದರೆ ಇದು. ಆದರೆ ಎಲ್ಲರಿಗೂ ಹೇಳಲ್ಲ.

ಮಡಿಕೇರಿಯಿಂದ ಭಾಗಮಂಡಲ 40 ಕಿ.ಮೀ. ಹತ್ತಿರ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮ. ಬೇಕಿದ್ದರೆ 8 ಕಿ.ಮೀ. ಮೇಲೆ ತಲಕಾವೇರಿಗೆ ಹೋಗಿ ಬನ್ನಿ, 1,276 ಮೀಟರ್ ಎತ್ತರ, ಬೆಳಿಗ್ಗೆ ಹೋದರೆ ಮಂಜು ಕಾಲ ಕೆಳಗೆ ಇರುತ್ತದೆ. ಅಕ್ಟೋಬರ್ 17ರ ಆಸುಪಾಸು ತುಲಾ ಸಂಕ್ರಮಣ, ತೀರ್ಥೋದ್ಭವದ ಜನ. ಡ್ರೈವ್ ಅಂತ ಹೊರಟವರು ಆ ದಿನಗಳಲ್ಲಿ ಈ ಕಡೆ ಬರಬೇಡಿ, ಭಕ್ತಿಯಿಂದ ಬರುವುದಾದರೆ ಅದು ಬೇರೆ ವಿಷಯ.

ಭಾಗಮಂಡಲದಿಂದ ಕರಿಕೆಗೆ ಸುಮಾರು 30 ಕಿ.ಮೀ. ಘಾಟಿ. ರಸ್ತೆ ಎಷ್ಟು ಸಣ್ಣದು ಅಂದರೆ ಎದುರಿಗೆ ಒಂದು ಜೀಪು ಬಂದರೂ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಒಂದು ಸಲ ನಾನೇ ಹೋಗಬೇಕಾಯಿತು. ಹಿಂದೆ ಅತ್ತೆ ಕೂತಿದ್ದರು. ರಿವರ್ಸ್ ಹಾಕಿದೆ, ಎಡಗಡೆ ಚಕ್ರದ ಪಕ್ಕ ಚರಂಡಿ, ಒದ್ದೆ ಎಲೆ ತುಂಬಿ ಎಲ್ಲಿ ರಸ್ತೆ ಮುಗಿಯುತ್ತದೆ ಎಲ್ಲಿ ಚರಂಡಿ ಶುರು ಅಂತಲೇ ಗೊತ್ತಾಗುತ್ತಿರಲಿಲ್ಲ. ಜೀಪಿನವನು ಇಳಿದು ಬಂದು ನನ್ನ ಕಿಟಕಿ ಪಕ್ಕ ನಡೆಯುತ್ತಾ "ಬರಲಿ, ಬರಲಿ, ಇನ್ನೊಂದು ಚೂರು" ಅಂತ ಮೂವತ್ತು ಮೀಟರ್ ಕರೆದುಕೊಂಡು ಹೋದ. ಅತ್ತೆ ಅಷ್ಟು ಹೊತ್ತೂ ಕಣ್ಣು ಮುಚ್ಚಿ ಇಗ್ಗುತ್ತಪ್ಪನನ್ನು ಕರೆಯುತ್ತಿದ್ದರು. ಜೀಪು ದಾಟಿ ಹೋದ ಮೇಲೆ ಕಣ್ಣು ಬಿಟ್ಟು, ಎದುರಿಗೆ ಬೆಟ್ಟ ಬೆಟ್ಟದ ನಡುವೆ ಇಳಿದು ಹೋಗುವ ಕಣಿವೆ ನೋಡಿ, "ಇಷ್ಟು ಚೆಂದ ಇದೆ ಅಂತ ಮೊದಲೇ ಹೇಳಬಾರದಿತ್ತಾ" ಅಂದರು. ಹೇಳಿದ್ದೆ.

ಈ ದಾರಿಯಲ್ಲಿ ಗಾಡಿ ಕಡಿಮೆ. ಅದೇ ಇದರ ಲಾಭ. ಸ್ವಲ್ಪ ಅಗಲ ಇರುವ ತಿರುವಿನಲ್ಲಿ ನಿಂತು ಎಂಜಿನ್ ಆಫ್ ಮಾಡಿದರೆ ಹತ್ತು ನಿಮಿಷ ಯಾರೂ ಬರಲ್ಲ. ಬೆಳಿಗ್ಗೆ ಭಾಗಮಂಡಲದಲ್ಲಿ ನೋಡಿದ ನೀರು ಬಂಗಾಳ ಕೊಲ್ಲಿಗೆ ಹೋಗುತ್ತಿರುತ್ತದೆ, ಒಂದು ಗಂಟೆ ಆದ ಮೇಲೆ ಇಲ್ಲಿ ನೋಡುವ ನೀರು ಅರಬ್ಬಿ ಸಮುದ್ರಕ್ಕೆ.

ಇದನ್ನು ಸುತ್ತು ಮಾಡಿ ಮುಗಿಸಬಹುದು, ಹೊರಗಿನವರಿಗೆ ಜಾಸ್ತಿ ಗೊತ್ತಿಲ್ಲ. ಕರಿಕೆಯಿಂದ ಕೇರಳದ ಪಾಣತ್ತೂರು, ಅಲ್ಲಿಂದ ಕಲ್ಲಪಳ್ಳಿ ಮೇಲೆ ಸುಳ್ಯ, ಸುಳ್ಯದಿಂದ ಸಂಪಾಜೆ ಹತ್ತಿ ಮಡಿಕೇರಿ. ಒಟ್ಟು 150 ಕಿಲೋಮೀಟರ್ ಹತ್ತಿರ. ಬೆಳಿಗ್ಗೆ ಸಣ್ಣ ರಸ್ತೆಯನ್ನು ತಾಜಾ ಕಣ್ಣಿನಲ್ಲಿ ಇಳಿಯಿರಿ, ಸಂಜೆ ಸುಸ್ತಾದಾಗ ಅಗಲ ರಸ್ತೆಯಲ್ಲಿ ಹತ್ತಿರಿ. ಉಲ್ಟಾ ಬೇಡ. ಕತ್ತಲಾಗುವಾಗ ಕರಿಕೆ ಘಾಟಿ ಹತ್ತುವುದು ನನ್ನ ಶತ್ರುವಿಗೂ ಬೇಡ. ಸಮಯ ಮಿಕ್ಕರೆ ಸುಳ್ಯದಿಂದ ಬರುವಾಗ ಅರಂತೋಡಿನಲ್ಲಿ ಒಳಗೆ ತಿರುಗಿ ತೊಡಿಕಾನದ ದೇವಸ್ಥಾನಕ್ಕೆ ಹೋಗಿ, ಹೊಳೆಯಲ್ಲಿ ದೇವರ ಮೀನುಗಳಿವೆ, ಮಕ್ಕಳಿಗೆ ಖುಷಿ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಕರಿಕೆ ಹೆಸರೇ ಎತ್ತಬೇಡಿ. ಮರ ಬೀಳುತ್ತದೆ, ಬರೆ ಜರಿಯುತ್ತದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜರಿದದ್ದು ನೆನಪಿದೆ ಅಲ್ವಾ.

ಮಲ್ಲಳ್ಳಿ, ಬಿಸಿಲೆ, ಸುಬ್ರಹ್ಮಣ್ಯ

ಒಂದೇ ಹೊಳೆಯನ್ನು ಮೇಲೊಮ್ಮೆ ಕೆಳಗೊಮ್ಮೆ ನೋಡುವ ಹುಚ್ಚು ಇರುವವರಿಗೆ. ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಸೋಮವಾರಪೇಟೆ, ಶಾಂತಳ್ಳಿ. ಅಲ್ಲಿಂದ ಮಲ್ಲಳ್ಳಿ ಜಲಪಾತ, ಕುಮಾರಧಾರಾ ಸುಮಾರು 60 ಮೀಟರ್ ಕೆಳಗೆ ಬೀಳುತ್ತದೆ. ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಮೊಣಕಾಲು ಲೆಕ್ಕ ಕೇಳುತ್ತದೆ. ನೀರಿಗೆ ಮಾತ್ರ ಇಳಿಯಬೇಡಿ, ಆ ಬಂಡೆ ಮೇಲೆ ಜಾರಿದವರು ಎದ್ದು ಬಂದಿದ್ದು ಕಡಿಮೆ.

ಆಮೇಲೆ ಕೂಡುರಸ್ತೆಗೆ ಬಂದು ಬಿಸಿಲೆ ಘಾಟಿ. ಇದು ಹಾಸನ ಜಿಲ್ಲೆ, ಆದರೆ ಬಿಸಿಲೆಯ ವ್ಯೂ ಪಾಯಿಂಟ್‌ನಲ್ಲಿ ನಿಂತರೆ ಎದುರಿಗೆ ಕಾಣುವುದು ನಮ್ಮ ಪುಷ್ಪಗಿರಿ, ಅಂದರೆ ಕುಮಾರ ಪರ್ವತ, 1,712 ಮೀಟರ್. ಕಣಿವೆಯ ಆಳ ನೋಡಿದರೆ ಮಾತು ನಿಲ್ಲುತ್ತದೆ. ಘಾಟಿ ಇಳಿದರೆ ಸುಬ್ರಹ್ಮಣ್ಯ, ಅಲ್ಲಿ ಸ್ನಾನಘಟ್ಟದಲ್ಲಿ ಅದೇ ಕುಮಾರಧಾರಾ, ಆದರೆ ಈಗ ಮೊಣಕಾಲುದ್ದ ನೀರು, ಮಕ್ಕಳು ಮೀನಿಗೆ ಮಂಡಕ್ಕಿ ಹಾಕುತ್ತಿರುತ್ತಾರೆ. ಬೆಳಿಗ್ಗೆ ಮಲ್ಲಳ್ಳಿಯಲ್ಲಿ ಕಿವಿ ಕಿವುಡು ಮಾಡಿದ್ದು ಇದೇನಾ ಅನಿಸುತ್ತದೆ. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ.

ವಾಪಸ್ ಸುಳ್ಯ, ಸಂಪಾಜೆ ಮೇಲೆ. 200 ಕಿಲೋಮೀಟರ್ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಹೊರಡದಿದ್ದರೆ ಇದನ್ನು ಬಿಟ್ಟುಬಿಡಿ. ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೂ ಬಿಟ್ಟುಬಿಡಿ.

ಕಾವೇರಿ ದಂಡೆ

ಕಮರಿ ಗಿಮರಿ ಬೇಡ, ಅಪ್ಪ ಅಮ್ಮ ಜೊತೆಗಿದ್ದಾರೆ ಅಂದರೆ ಭಾಗಮಂಡಲ, ನಾಪೋಕ್ಲು, ಬಲಮುರಿ, ಬೇತ್ರಿ, ಸಿದ್ದಾಪುರ, ನೆಲ್ಯಹುದಿಕೇರಿ, ಗುಡ್ಡೆಹೊಸೂರು, ಈ ಸಾಲು ಹಿಡಿಯಿರಿ. ತಿರುವು ಇದೆ, ಎದೆ ಝಲ್ ಅನ್ನುವುದಿಲ್ಲ. ನವೆಂಬರ್‌ನಲ್ಲಿ ಗದ್ದೆ ಹಳದಿ ಆಗಿರುತ್ತದೆ, ಇಲ್ಲಿನ ಸುಗ್ಗಿ ಹಬ್ಬ ಹುತ್ತರಿಗೆ ಮುಂಚೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದ ಒಂದು ವಾರ ಆದ ಮೇಲೆ ಹೋದರೆ ಕಾಫಿ ಹೂವಿನ ಘಮ ಕಾರಿನ ಒಳಗೇ ಬಂದು ಕೂರುತ್ತದೆ, ಆಗ ಪಶ್ಚಿಮದ ತೊರೆಗಳೆಲ್ಲ ಒಣಗಿರುತ್ತವೆ, ಹಾಗಾಗಿ ಬೇಸಿಗೆಯಲ್ಲಿ ಬರುವವರಿಗೆ ನಾನು ಹೇಳುವುದು ಇದೊಂದೇ.

ಹಾಗಾದರೆ ಯಾರಿಗೆ ಯಾವುದು?

ಘಾಟಿಯಲ್ಲಿ ಕಾರು ಓಡಿಸಿ ಅಭ್ಯಾಸ ಇಲ್ಲದವರು ಸಂಪಾಜೆ, ಅದೂ ವಾರದ ದಿನ ಬೆಳಿಗ್ಗೆ. ಅಭ್ಯಾಸ ಇದೆ, ಅರ್ಧ ದಿನ ಮಾತ್ರ ಇದೆ ಅಂದರೆ ಮಾಕುಟ್ಟ. ಇಬ್ಬರೇ ಇದ್ದೀರಿ, ಸಣ್ಣ ಕಾರು, ರಿವರ್ಸ್ ಹೋಗಲು ಹೆದರಿಕೆ ಇಲ್ಲ ಅಂದರೆ ಕಣ್ಣು ಮುಚ್ಚಿ ಕರಿಕೆ (ಓಡಿಸುವಾಗ ಕಣ್ಣು ಬಿಟ್ಟಿರಿ). ದೊಡ್ಡ ಏಳು ಸೀಟಿನ ಗಾಡಿ ತಂದವರು ಕರಿಕೆ ಬಿಟ್ಟು ಉಳಿದದ್ದರಲ್ಲಿ ಆರಿಸಿ. ನಿಲ್ಲುವ ಜಾಗದ ಲೆಕ್ಕದಲ್ಲಿ ನನ್ನ ಮಾರ್ಕು: ಕರಿಕೆಗೆ ಜಾಸ್ತಿ, ಆಮೇಲೆ ಮಾಕುಟ್ಟ, ಕೊನೆಗೆ ಸಂಪಾಜೆ. ಅಗಲ ಜಾಸ್ತಿ ಇರುವ ರಸ್ತೆಯಲ್ಲೇ ನಿಲ್ಲುವುದು ಕಷ್ಟ, ವಿಚಿತ್ರ ಆದರೂ ನಿಜ, ಹಿಂದೆ ಬರುವ ಗಾಡಿಗಳು ಬಿಡಬೇಕಲ್ಲ.

ಯಾವುದಕ್ಕೆ ಹೋದರೂ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯದು. ನೀರು ಇರುತ್ತದೆ, ಮಣ್ಣು ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಏಳರ ಒಳಗೆ ಹೊರಡಿ, ಸಂಜೆ ಆರರ ಒಳಗೆ ಕಾಡಿನಿಂದ ಹೊರಗೆ ಇರಿ. ಮಂಜು ಇದ್ದರೆ ಹೈ ಬೀಮ್ ಹಾಕಬೇಡಿ, ಬಿಳಿ ಗೋಡೆ ಬಿಟ್ಟು ಏನೂ ಕಾಣಲ್ಲ. ಹತ್ತುವ ಗಾಡಿಗೆ ದಾರಿ ಬಿಡಿ. ತೊರೆ ಪಕ್ಕ ಇಳಿದು ಬಂದ ಮೇಲೆ ಕಾಲು ನೋಡಿಕೊಳ್ಳಿ, ಜಿಗಣೆ ಹತ್ತಿದ್ದು ಮೈಸೂರು ಮುಟ್ಟಿದ ಮೇಲೆ ಗೊತ್ತಾಗುವುದುಂಟು.

ಭಾವ ಎಲ್ಲ ಕೇಳಿಸಿಕೊಂಡು "ಸರಿ, ಸಂಪಾಜೆ" ಅಂದರು. ಭಾನುವಾರ ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು, ಇರಿಟ್ಟಿಯಿಂದ. ಅಕ್ಕ ಹಟ ಮಾಡಿ ಮಾಕುಟ್ಟಕ್ಕೇ ತಿರುಗಿಸಿದ್ದಳಂತೆ. ಬರುವಾಗ ಯಾರು ಓಡಿಸೋದು ಅಂತ ಹೋಟೆಲಿನಲ್ಲೇ ಜಗಳ ನಡೀತಿತ್ತು. ಇಬ್ಬರಿಗೂ ಕಿಟಕಿ ಪಕ್ಕದ ಸೀಟೇ ಬೇಕಾಗಿತ್ತು.